ಹನುಮಯ್ಯನ ಹೆಸರು ಕೂಗುವುದು

ಈ ದಿನ ಮಾಡಿದ ಕೆಲಸಗಳು: ಬೆಳಿಗ್ಗೆ ಮೂಲೆಯ ನಲ್ಲಿಯಿಂದ ನೀರು ತಂದು ಹಂಡೆ ತುಂಬಿಸಿದೆ. ಲಾಟೀನಿನ ಗಾಜಿಗೆ ಬೂದಿ ಹಾಕಿ ಒರೆಸಿದೆ. ಡಿಪೋದಿಂದ ತಂದ ಹಸಿ ಸೌದೆಯನ್ನು ಬಿಸಿಲಿಗೆ ಹರಡಿ, ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಮನೆಯಾಕೆ ಗೌರಮ್ಮ ನೆನೆಹಾಕಿದ್ದ ಅವರೆಕಾಳನ್ನು ಸ್ವಲ್ಪ ಹೊತ್ತು ಹಿತುಕಿಕೊಟ್ಟೆ. ಅರ್ಧ ಕಾಳು ನೆಲಕ್ಕೆ ಹಾರಿದ್ದರಿಂದ ಆ ಕೆಲಸದಿಂದ ನನ್ನನ್ನು ಎಬ್ಬಿಸಿದಳು. ಹಿತ್ತಲ ಕೋಣೆಯ ಬಾಗಿಲಿಗೆ ಒಳಗಡೆ ಒಂದು ಅಗಳಿ ಹೊಡೆದೆ. ಇದುವರೆಗೆ ಅದಕ್ಕೆ ಹೊರಗಡೆ ಮಾತ್ರ ಚಿಲಕವಿತ್ತು. ಮಧ್ಯಾಹ್ನ ಹಳೆಯ ಕೋಟು ಹಾಕಿಕೊಂಡು ಪೊಲೀಸ್ ಠಾಣೆಗೆ ಹೋಗಿಬಂದೆ.

ಕೊನೆಯ ಎರಡು ಕೆಲಸ ಹನುಮಯ್ಯನ ಸಲುವಾಗಿ. ಇವನು ನಾನು ಹೆಡ್ ವಾರ್ಡರ್ ಆಗಿದ್ದ ಜೈಲಿನಲ್ಲಿ ಎರಡು ಸಲ ಶಿಕ್ಷೆ ಅನುಭವಿಸಿದವನು. ಈಗ ರಾಜಾಜಿನಗರದಲ್ಲಿ ಏಳುತ್ತಿರುವ ಹೊಸ ಮನೆಗಳಿಗೆ ಗಾರೆ ಕಲಸುತ್ತಾನೆ. ಹೋದ ವಾರದಿಂದ ಹೆಂಡತಿ ಚಿಕ್ಕತಾಯಮ್ಮ ಮತ್ತು ಮಕ್ಕಳ ಜೊತೆ ನಮ್ಮ ಹಿತ್ತಲ ಕೋಣೆಯಲ್ಲಿದ್ದಾನೆ. ಈ ಮನೆಯೂ ಕೈತಪ್ಪಿದರೆ ಮಕ್ಕಳನ್ನು ಕರೆದುಕೊಂಡು ಉಲ್ಲಾಳದ ತವರಿಗೆ ಹೋಗಿಬಿಡುತ್ತೇನೆ, ಮತ್ತೆ ಬರುವುದಿಲ್ಲ ಎಂದು ಚಿಕ್ಕತಾಯಮ್ಮ ಹೇಳಿದ್ದಾಳೆ. ಸುಮ್ಮನೆ ಹೆದರಿಸಲು ಮಾತಾಡುವ ಹೆಂಗಸಲ್ಲ ಅವಳು. ಗಂಡ ಮತ್ತೆ ಕದಿಯುತ್ತಾನೆಂಬ ಭಯ ಅವಳಿಗಿಲ್ಲ. ಅವನ ಹೆಸರನ್ನು ಬೀದಿಯಲ್ಲಿ ನಿಂತು ಕೂಗುತ್ತಾರಲ್ಲ, ಅದರ ಭಯ. ಅದೇನೆಂದು ಮುಂದೆ ಹೇಳುತ್ತೇನೆ.

ಜೈಲು ಇಲಾಖೆಗೆ ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನವೇ ಒಂದು ಭಾಷಣ ಮಾಡುತ್ತಾರೆ. ಶಿಕ್ಷೆಯ ಉದ್ದೇಶ ಇಂತಿಂಥದ್ದು: ತಪ್ಪು ಮಾಡಿದವನಿಗೆ ಭಯ ಹುಟ್ಟಬೇಕು, ನೋಡಿದವರಿಗೆ ಬುದ್ಧಿ ಬರಬೇಕು, ಕೈದಿ ಸುಧಾರಿಸಿ ಹೊರಗೆ ಹೋಗಬೇಕು. ನಾನೂ ಆ ಭಾಷಣ ಕೇಳಿ ತಲೆಯಾಡಿಸಿದವನೇ. ಆಮೇಲೆ ಕೀಲಿಕೈ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡು ನೋಡಿದ್ದನ್ನು ಹೊಸದಾಗಿ ಸೇರಿದ ನಿಮಗಾಗಿ ಇಲ್ಲಿ ಬರೆಯುತ್ತೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬುದೆಲ್ಲ ನಿಮಗೆ ಬೇಡ. ಅದು ನಿಮಗೂ ತಾನಾಗಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಚಿಕ್ಕ ಶಿಕ್ಷೆ ದಂಡ. ಕೆಂಗೇರಿ ಕಡೆಯ ಒಬ್ಬ ಗಾಡಿಯವನು, ಕತ್ತಲಲ್ಲಿ ಲಾಟೀನಿಲ್ಲದೆ ಎತ್ತಿನಗಾಡಿ ಹೊಡೆದನೆಂದು ದಂಡ ಹಾಕಿಸಿಕೊಂಡ. ಲಾಟೀನು ಕೊಳ್ಳಲೆಂದು ಗಂಟು ಕಟ್ಟಿಟ್ಟಿದ್ದ ಕಾಸನ್ನು ಕೋರ್ಟಿಗೆ ಕಟ್ಟಿ ಮನೆಗೆ ಹೋದ. ಮುಂದಿನ ಸಂತೆಯ ದಿನ ಮತ್ತೆ ಸಿಕ್ಕಿಬಿದ್ದ, ಲಾಟೀನಿರಲಿಲ್ಲ. ಈ ಸಲ ಕಟ್ಟಲು ಕಾಸೂ ಇರಲಿಲ್ಲ, ಆದ್ದರಿಂದ ನಮ್ಮಲ್ಲಿಗೆ ಬಂದ. ಅದೇ ವಾರ ಇಸ್ಪೀಟಿನ ಅಡ್ಡೆ ನಡೆಸುವ ಸಾಹುಕಾರನೊಬ್ಬ ದಂಡ ಕಟ್ಟಿ, ಕೋರ್ಟಿನ ಮೆಟ್ಟಿಲ ಮೇಲೆ ಎಲೆಅಡಿಕೆ ಹಾಕುತ್ತ ನನಗೆ ಹೇಳಿದ: “ಇದೇನು ಬಿಡಿ ದಫೇದಾರ್ರೇ, ಲೈಸೆನ್ಸ್ ಕಟ್ಟಿದ ಹಾಗೆ. ಕಟ್ಟಿಬಿಟ್ರೆ ಆಮೇಲೆ ಸ್ವಲ್ಪ ದಿನ ನಿಮ್ಮ ಪೊಲೀಸರೂ ತೊಂದ್ರೆ ಕೊಡಲ್ಲ.” ಗಾಡಿಯವನ ಎತ್ತುಗಳನ್ನು ಅವನ ಅಣ್ಣ ಮಾರಿಕೊಂಡ. ಸಾಹುಕಾರನ ಅಡ್ಡೆಗೆ ಆ ವರ್ಷ ಕರೆಂಟಿನ ದೀಪ ಬಂತು.

ಛಡಿ ಏಟಿನ ಶಿಕ್ಷೆ ಈಗ ರದ್ದಾಗಿದೆ, ನಿಮಗೆ ಅದನ್ನು ನೋಡುವ ಕರ್ಮವಿಲ್ಲ. ನಮ್ಮ ಕಾಲದಲ್ಲಿ ಡಾಕ್ಟರು ಮೊದಲು ನಾಡಿ ಹಿಡಿದು ‘ಹೊಡೆಸಿಕೊಳ್ಳಲು ಆರೋಗ್ಯವಾಗಿದ್ದಾನೆ’ ಎನ್ನಬೇಕು. ಕಾಯಿಲೆಯವನಾದರೆ ಔಷಧಿ ಕೊಟ್ಟು ಗುಣಮಾಡಿ, ಆಮೇಲೆ ಹೊಡೆಯುವುದು. ಹೊಡೆಯುವ ಕೆಲಸ ನನ್ನ ಜೊತೆಯ ವಾರ್ಡರ್ ರಂಗಪ್ಪನದು. ಬಹಳ ಸಾಧು ಮನುಷ್ಯ. ಹೊಡೆದ ದಿನ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಸೀನ ಎಂಬ ಹುಡುಗ, ಸೈಕಲ್ ಕದ್ದವನು, ಏಟು ತಿಂದು ಒಂದು ವಾರ ಬೋರಲು ಮಲಗಿದ್ದ. ಎದ್ದ ಮೇಲೆ ಅವನ ಗತ್ತೇ ಬೇರೆ. ಹಳೆಯ ಕಳ್ಳರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀಡಿ ಕೊಡುತ್ತಿದ್ದರು. “ಅಂಗಿ ಎತ್ತೋ ಮಗಾ, ಇವ್ನಿಗೊಂದ್ಸಲ ತೋರ್ಸು” ಎಂದರೆ ಎತ್ತಿ ತೋರಿಸುವನು. ರಂಗಪ್ಪ ಎದುರಾದರೆ ಅವನೇ ನಮಸ್ಕಾರ ಮಾಡಿ, “ಭುಜದ ನೋವು ಹೆಂಗೈತಣ್ಣ?” ಎಂದು ಕೇಳುವನು. ಆ ಶಿಕ್ಷೆಯಿಂದ ಖಂಡಿತವಾಗಿ ಹೆದರಿದವನು ಒಬ್ಬನೇ, ರಂಗಪ್ಪ. ಅವನು ವರ್ಗ ಮಾಡಿಸಿಕೊಂಡು ಹೋದ.

ಕಠಿಣ ಸಜೆಯೆಂದರೆ ದುಡಿಸುವುದು, ದುಡಿಸಿ ಕಸಬು ಕಲಿಸುವುದು. ಬೋರ ಎಂಬವನಿಗೆ ಅಡುಗೆ ಕಲಿಸಿದೆವು. ಆಳೆತ್ತರದ ಒಲೆಯ ಮುಂದೆ ನಿಂತು, ದೊಣ್ಣೆಯಂಥ ಕೋಲಿನಲ್ಲಿ ಇಡೀ ಜೈಲಿಗೆ ಮುದ್ದೆ ತೊಳಸುತ್ತಿದ್ದ. ಎಷ್ಟು ಒಳ್ಳೆಯ ಕೈ ಎಂದರೆ ಜೈಲರು ತಮ್ಮ ಮನೆಗೂ ಅವನ ಸಾರು ತರಿಸಿಕೊಳ್ಳುತ್ತಿದ್ದರು. ಬಿಡುಗಡೆಯಾದಾಗ ‘ಸುಧಾರಿಸಿದ್ದಾನೆ’ ಎಂದು ಷರಾ ಬರೆದು ಕಳಿಸಿದರು. ಇಲ್ಲೇ ರಾಜಾಜಿನಗರದ ಹೊಸ ಹೋಟೆಲಿನಲ್ಲಿ ಕೆಲಸವೂ ಸಿಕ್ಕಿತು. ಸ್ವಲ್ಪ ದಿನಕ್ಕೆ ನೋಡುತ್ತೇನೆ, ಯಾರದೋ ಹಿತ್ತಾಳೆ ಬಿಂದಿಗೆ ಕದ್ದು ಮತ್ತೆ ಗೇಟಿನಲ್ಲಿ ನಿಂತಿದ್ದಾನೆ.

“ಯಾಕೋ ಬೋರ, ಹೋಟೆಲ್ ಏನಾಯ್ತೋ?”

“ಓಡಿಸ್ಬುಟ್ರು ಸಾಮಿ. ನಾಕು ಜನಕ್ಕೆ ಉಪ್ಪು ಎಷ್ಟಾಕ್ಬೇಕು ಅಂತ ನಂಗೊತ್ತಾಗಕಿಲ್ಲ. ಬ್ಯಾರಕ್ಕಿಗಾದ್ರೆ ಕಣ್ಮುಚ್ಕಂಡು ಹಾಕ್ತೀನಿ.”

ಹಿಂದಿನಿಂದ ಬಂದ ಜೈಲರ ಮುಖ ನೋಡಬೇಕಿತ್ತು, ಮಗಳು ತವರಿಗೆ ಬಂದ ಹಾಗೆ. “ಬಂದ್ಯೇನೋ! ನೀನು ಹೋದಾಗ್ಲಿಂದ ಸಾರಿಗೆ ರುಚೀನೇ ಇಲ್ಲ ಕಣೋ.” ಸುಧಾರಣೆಯೆಂದರೆ ಇದು. ಜೈಲಿಗೆ ಬೇಕಾದ ಮನುಷ್ಯನನ್ನು ಜೈಲು ಚೆನ್ನಾಗಿಯೇ ತಯಾರು ಮಾಡುತ್ತದೆ.

ನೇಣಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆ ಬೆಳಿಗ್ಗೆ ಕೈದಿಗಳು ಗಂಜಿ ಮುಟ್ಟುತ್ತಿರಲಿಲ್ಲ, ನಾವೂ ಮುಟ್ಟುತ್ತಿರಲಿಲ್ಲ. ನೋಡಿದವರಿಗೆ ಬುದ್ಧಿ ಬರಲಿ ಎಂದು ಮಾಡುವ ಶಿಕ್ಷೆಯನ್ನು ಯಾರೂ ನೋಡದ ಹಾಗೆ ನಾಲ್ಕು ಗೋಡೆಯ ಮಧ್ಯೆ, ಊರು ಏಳುವ ಮುಂಚೆ ಮುಗಿಸುತ್ತಾರೆ. ಯಾರು ಹೆದರಬೇಕಿತ್ತೋ ಅವರು ಆ ಹೊತ್ತಿಗೆ ತಮ್ಮ ತಮ್ಮ ಮನೆಗಳಲ್ಲಿ ಹೊದ್ದು ಮಲಗಿರುತ್ತಾರೆ. ಹೆದರಿದವರು ನಾವು, ಹಗ್ಗಕ್ಕೆ ಬೆಣ್ಣೆ ಸವರಿದವರು. ವಾರದ ಮೇಲೆ ಅದೇ ಅಂಗಳದಲ್ಲಿ ಒಂದು ಬೀಡಿಗಾಗಿ ಇಬ್ಬರು ತಲೆ ಒಡೆದುಕೊಂಡರು.

ಜೈಲಿನಲ್ಲಿ ಎಂದೂ ತಪ್ಪದೆ ಕಲಿಸಿದ ಪಾಠ ಒಂದೇ ಒಂದು: ಸಂಜೆಯ ಎಣಿಕೆ. ಬ್ಯಾರಕ್ಕಿನ ಬಾಗಿಲು ಹಾಕುವ ಮುಂಚೆ ವಾರ್ಡರ್ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು. ಕೈದಿ ‘ಇದೀನಿ’ ಎನ್ನಬೇಕು. ತನ್ನ ಹೆಸರು ಬರುವ ತನಕ ಯಾರೂ ಕಂಬಳಿ ಹಾಸುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಹೊಸಬರು ಗೊಣಗುವರು. ಆಮೇಲೆ ಅದು ಹಸಿವು ಬಾಯಾರಿಕೆಯ ಹಾಗೆ ಮೈಗೆ ಹತ್ತಿಬಿಡುವುದು.

ಈಗ ಹನುಮಯ್ಯ. ಶ್ರೀಗಂಧದ ಕಾವಲ್ ಎಂಬ ಸರ್ಕಾರಿ ಕಾಡಿನ ಪಕ್ಕದ ಹಳ್ಳಿಯ ಒಕ್ಕಲು ಮಗ. ನಮ್ಮ ಸೀಮೆಯಲ್ಲಿ ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಅದು ಸರ್ಕಾರದ್ದು. ಇವನ ಹೊಲದ ಬದುವಿನಲ್ಲಿ ಒಂದು ಮರವಿತ್ತು. ತಂದೆ ತೀರಿಕೊಂಡಾಗ ಚಿತೆಗೆ ಒಂದು ತುಂಡು ಗಂಧ ಇಡಬೇಕೆಂದು ಆ ಮರದ ಕೊಂಬೆ ಕಡಿದ. ಚಿತೆಯ ಬೂದಿ ಆರುವ ಮೊದಲೇ ಫಾರೆಸ್ಟ್ ಗಾರ್ಡು ಬಂದ. ಗಂಧ ಕದ್ದ ಕೇಸು, ಕಠಿಣ ಸಜೆ. ಸರಿಯಪ್ಪ, ಗಂಧದ ಮರ ಉಳಿಯಬೇಕು, ಅದಕ್ಕಾಗಿ ಶಿಕ್ಷೆ. ಶಿಕ್ಷೆಯ ಸುದ್ದಿ ಹಳ್ಳಿಗೆ ಮುಟ್ಟಿತೇ? ಬಹಳ ಚೆನ್ನಾಗಿ ಮುಟ್ಟಿತು. ಅವತ್ತಿನಿಂದ ಆ ಸುತ್ತಿನ ಒಕ್ಕಲುಗಳು ಬದುವಿನಲ್ಲಿ ಗಂಧದ ಸಸಿ ತಲೆಯೆತ್ತಿದ ಕೂಡಲೇ, ಗಾರ್ಡು ನೋಡುವ ಮುಂಚೆ, ಬೇರುಸಹಿತ ಕಿತ್ತು ಒಲೆಗೆ ಹಾಕತೊಡಗಿದರು. ಮರ ಬೆಳೆದರೆ ತಾನೇ ತಂಟೆ? ಕಳ್ಳರು ಕಾವಲಿನಲ್ಲಿ ಕಡಿದದ್ದಕ್ಕಿಂತ ಹೆಚ್ಚು ಗಂಧವನ್ನು ಹೀಗೆ ಸಭ್ಯ ಜನ ಕಳೆಕೀಳುತ್ತ ನಾಶಮಾಡಿದರು. ಜೈಲಿಗೆ ನೋಡಲು ಬಂದ ಊರವರು ಈ ಉಪಾಯವನ್ನು ಹನುಮಯ್ಯನಿಗೂ ಹೇಳಿಹೋಗಿದ್ದರು.

ಆಗ ನಮ್ಮಲ್ಲಿಗೆ ಹೊಸ ಸೂಪರಿಂಟೆಂಡೆಂಟ್ ಬಂದರು. ಬಾಯಿ ಬಿಟ್ಟರೆ ‘ಕೈದಿಯ ಹೃದಯ ಪರಿವರ್ತನೆ’. ದೊಡ್ಡ ಮನುಷ್ಯರೊಬ್ಬರನ್ನು ಕರೆಸಿ ಅಂಗಳದಲ್ಲಿ ಗಂಧದ ಸಸಿಯೊಂದನ್ನು ನೆಡಿಸಿದರು. ಸುತ್ತ ಇಟ್ಟಿಗೆಗೆ ಸುಣ್ಣ ಬಳಿಸಿದರು. ಅದನ್ನು ಕಾಯುವವನು ಯಾರಾಗಬೇಕು? ಗಂಧ ಕದ್ದವನೇ ಆಗಬೇಕು, ಅದೇ ಪರಿವರ್ತನೆ. ಹನುಮಯ್ಯನನ್ನು ಕರೆಸಿ, “ಈ ಜಾಗ ಇನ್ಮುಂದೆ ನಿನ್ನ ಹೊಲ ಅಂತ ತಿಳ್ಕೋ. ನಿನ್ನ ಹೊಲದಲ್ಲಿ ಹೇಗೆ ನೋಡ್ಕೋತಿದ್ಯೋ ಹಾಗೇ ನೋಡ್ಕೋ” ಎಂದರು. ಹನುಮಯ್ಯ ಕೈಮುಗಿದ. ಸಸಿ ನೆಟ್ಟಾಗ ಅವನು ಅಡುಗೆಮನೆಯಲ್ಲಿ ರಾಗಿ ಬೀಸುತ್ತಿದ್ದ. ಅದನ್ನು ಯಾರೋ ನೆಟ್ಟಿದ್ದಾರೆಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದ್ದೆಂದು ನಮಗೂ ತೋಚಲಿಲ್ಲ.

ಮಾರನೆಯ ಬೆಳಿಗ್ಗೆ ಸೂಪರಿಂಟೆಂಡೆಂಟರು ಬಂದು ನೋಡಿದರೆ ಅಂಗಳ ಅಂಗೈಯಂತೆ ಚೊಕ್ಕಟವಾಗಿತ್ತು. ಗುಲಾಬಿಗೆ ಪಾತಿ, ಚೆಂಡುಹೂವಿಗೆ ನೀರು. ಸುಣ್ಣದ ಇಟ್ಟಿಗೆಯ ನಡುವೆ ಬರೀ ಮಣ್ಣು.

“ಎಲ್ಲೋ ಗಿಡ?”

ಹನುಮಯ್ಯ ಅತ್ತಿತ್ತ ನೋಡಿ, ಹತ್ತಿರ ಬಂದು, ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. “ಏನೂ ಯೋಚ್ನೆ ಮಾಡ್ಬೇಡಿ ಬುದ್ಧೀ. ಗಂಧದ ಸಸಿ ಬಂದ್ಬುಟ್ಟಿತ್ತು. ಯಾರೂ ನೋಡೋಕ್ ಮುಂಚೆ ಕಿತ್ತು ಒಲೆಗಾಕ್ಬುಟ್ಟಿವ್ನಿ. ನಿಮಗ್ಯಾಕೆ ಬುದ್ಧಿ ಜೈಲು ತಾಪತ್ರಯ?”

ನಾನು ಗೋಡೆಯ ಕಡೆ ತಿರುಗಿ ಕೆಮ್ಮಿದೆ. ಸೂಪರಿಂಟೆಂಡೆಂಟರು ನಗಲಿಲ್ಲ. ಅವರಿಗೆ ಅದರಲ್ಲಿ ಕಂಡದ್ದು ಕೈದಿಯ ಕುಹಕ. ಒಳ್ಳೆಯ ನಡತೆಗೆಂದು ಸಜೆಯಲ್ಲಿ ಸಿಕ್ಕಿದ್ದ ಮಾಫಿಯನ್ನೆಲ್ಲ ಕಳೆದು, ಒಂಟಿ ಕೋಣೆಗೆ ಹಾಕಿಸಿದರು. ಕೀಲಿ ತಿರುಗಿಸುವಾಗ ಅವನು ನನ್ನನ್ನು ಕೇಳಿದ: “ಕಡಿದ್ರೂ ಜೈಲು, ಕಿತ್ರೂ ಜೈಲು. ಅದನ್ನ ಏನ್ ಮಾಡ್ಬೇಕು ಅಂತ ಸರ್ಕಾರ ಒಂದ್ಸಲ ಹೇಳ್ಬುಟ್ರೆ ಹಂಗೇ ಮಾಡ್ತೀವಲ್ಲ ಸಾಮಿ?” ನನ್ನ ಇಡೀ ಸರ್ವೀಸಿನಲ್ಲಿ ಶಿಕ್ಷೆಯ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ಅಧಿಕಾರಿಯೂ ಕೇಳಿದ್ದಿಲ್ಲ.

ಬಿಡುಗಡೆಯಾಗಿ ಹೋದ ಮೇಲೆ ಕಾವಲಿನಲ್ಲಿ ಯಾವುದೋ ಮರ ಕಳುವಾಯಿತು. ಪೊಲೀಸರಿಗೆ ಹೆಸರು ಗೊತ್ತಿದ್ದವನು ಹನುಮಯ್ಯ, ಹಿಡಿದರು. ಎರಡನೆಯ ಸಜೆ. ಲಾಯರಿಗೆಂದು ಹೊಲ ಹೋಯಿತು. ಹೊರಗೆ ಬರುವ ಹೊತ್ತಿಗೆ ಅವನು ‘ಗಮನವಿಡಬೇಕಾದವರ’ ಪಟ್ಟಿಯಲ್ಲಿದ್ದ. ಅಂದರೆ, ಕತ್ತಲಾದ ಮೇಲೆ ಬೀಟ್ ಕಾನ್‌ಸ್ಟೇಬಲ್ ಬಂದು ಅವನು ಮನೆಯಲ್ಲಿದ್ದಾನೋ ಇಲ್ಲವೋ ನೋಡಬೇಕು. ನೋಡುವುದು ಹೇಗೆ? ಬೀದಿಯಲ್ಲಿ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, “ಲೇ ಹನುಮಯ್ಯಾ, ಇದ್ದೀಯೇನೋ!” ಎಂದು ಇಡೀ ಕೇರಿಗೆ ಕೇಳುವಂತೆ ಕೂಗುವುದು. ಒಳಗಿನಿಂದ “ಇದೀನಿ ಸಾಮೀ” ಎಂದು ಬಂದರೆ ಸರಿ, ಮುಂದಿನ ಬೀದಿಗೆ.

ನಿಜವಾದ ಕಳ್ಳರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಪೇಟೆಯ ಜೇಬುಗಳ್ಳನೊಬ್ಬ ನನ್ನ ಹತ್ತಿರ ಹೇಳಿ ನಕ್ಕಿದ್ದ: ಅವನು ಜಾತ್ರೆಯಲ್ಲಿ ಕೆಲಸದ ಮೇಲಿರುವಾಗ ಮನೆಯಲ್ಲಿ ಅವನ ಭಾವಮೈದ ‘ಇದೀನಿ’ ಎನ್ನುತ್ತಿದ್ದನಂತೆ. ಈ ಕೂಗಿನಿಂದ ಪೆಟ್ಟು ಬಿದ್ದದ್ದು ಮನೆಯಲ್ಲೇ ಇದ್ದವನಿಗೆ. ಹನುಮಯ್ಯ ಮೊದಲು ಮಾಗಡಿ ರಸ್ತೆಯ ಒಂದು ವಠಾರದಲ್ಲಿದ್ದ. ಯಜಮಾನಿ ಚಿಕ್ಕತಾಯಮ್ಮನನ್ನು ಕರೆದು ಹೇಳಿದಳಂತೆ: “ನಿಮ್ಮನೆಯವ್ರು ಒಳ್ಳೇವ್ರೇ ಇರ್ಬೋದು ಕಣವ್ವ. ದಿನಾ ನಮ್ಮ ಬಾಗಿಲಲ್ಲಿ ಪೊಲೀಸು ಕೂಗಿದ್ರೆ ನಮ್ಮ ಹುಡುಗೀನ ನೋಡೋಕೆ ಯಾರು ಬರ್ತಾರೆ?” ಆಮೇಲೆ ಮೈಸೂರು ರಸ್ತೆಯ ಕಡೆ ಒಂದು ಕೋಣೆ. ಅಲ್ಲಿ ಏನೂ ಹೇಳಲಿಲ್ಲ. ಸಾಮಾನು ಎತ್ತಿ ಹೊರಗಿಟ್ಟರು. ಮನೆ ಬದಲಾದಾಗಲೆಲ್ಲ ಕೆಲಸವೂ ದೂರವಾಗಿ ಕೈಬಿಟ್ಟಿತು. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಇದು. ಇನ್ನೊಂದು ಸಲ ಮನೆ ಬಿಡಿಸಿದ್ದರೆ ಕಳ್ಳತನ ಬಿಟ್ಟು ಅವನಿಗೆ ಬೇರೆ ಕಸುಬು ಉಳಿಯುತ್ತಿರಲಿಲ್ಲ.

ಗಾರೆ ಕೆಲಸದಲ್ಲಿ ಅವನು ಸಿಕ್ಕಿದ್ದು ನಮ್ಮ ಬೀದಿಯಲ್ಲೇ. ಗೌರಮ್ಮನನ್ನು ಕೇಳಿದೆ. “ಏನೂಂದ್ರೆ, ಅವನ ಜೊತೆ ಅಷ್ಟು ವರ್ಷ ಬೀಗ ಹಾಕ್ಕೊಂಡು ಇದ್ರಿ, ನಿಮ್ಮದೇನಾದ್ರೂ ಕದ್ದಿದ್ನಾ?” ಎಂದಳು. ಇಲ್ಲವೆಂದೆ. “ಹಾಗಾದ್ರೆ ಹಿತ್ತಲ ಕೋಣೆ ಗುಡಿಸ್ತೀನಿ.” ಆದರೆ ಬಂದ ದಿನದಿಂದ ಇಲ್ಲಿಯೂ ಕೂಗು ಬಂತು. ನಿನ್ನೆ ಎದುರುಮನೆಯ ಮೇಷ್ಟ್ರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, “ನಮ್ಮ ಬಡಾವಣೆಗೆ ಒಂದು ಹೆಸರಿದೆ ನೋಡಿ” ಎಂದು ಶುರುಮಾಡಿದರು. ಚಿಕ್ಕತಾಯಮ್ಮ ಅದನ್ನು ಕೇಳಿಸಿಕೊಂಡು ಒಳಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದಳು. ಅದಕ್ಕೇ ಈ ಮಧ್ಯಾಹ್ನ ಠಾಣೆಗೆ ಹೋದದ್ದು.

ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. “ಏನು ಹೆಡ್ ವಾರ್ಡರೇ, ರಿಟೈರಾದ್ರೂ ಕೈದಿಗಳ ಸಹವಾಸ ಬಿಡ್ಲಿಲ್ವಾ?” ಎಂದು ನಕ್ಕರು.

“ಆಗ ನೀವು ಕಳಿಸಿದೋರನ್ನ ಇಟ್ಕೊಂಡಿದ್ದೆ ಸಾರ್. ಈಗ ಒಬ್ಬನ್ನ ನಾನಾಗೇ ಇಟ್ಕೊಂಡಿದೀನಿ. ನಿಮ್ಮೋರು ಅವನ ಹೆಸರು ಕೂಗೋದು ನಿಲ್ಲಿಸ್ಬೇಕು.”

“ಅದು ಮೇಲಿನ ಆರ್ಡರು, ನನ್ನ ಕೈಲಿಲ್ಲ.”

“ಆರ್ಡರಿನಲ್ಲಿ ಕೂಗಿ ಅಂತ ಇದೆಯಾ ಸಾರ್? ನೋಡ್ಕೊಂಡು ಬನ್ನಿ ಅಂತ ಇದೆಯಾ?”

ಅವರು ಬೀಟ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. “ಯಾಕಯ್ಯ ಬೀದಿಯಿಂದ ಕೂಗ್ತೀಯಾ? ಒಳಗೆ ಹೋಗಿ ನೋಡೋಕೇನು?”

ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡ. “ನಾಯಿಗಳು ಸಾರ್. ಸೈಕಲ್ ಇಳಿದ್ರೆ ಕಾಲಿಗೇ ಬರ್ತಾವೆ.”

ಎರಡು ಮನೆ ಹೋದದ್ದು, ಹೆಂಡತಿ ಮಕ್ಕಳು ಊರು ಬಿಡುವ ತನಕ ಬಂದದ್ದು ಇದಕ್ಕೆ. ಯಾವ ಕಾನೂನೂ ಅಲ್ಲ, ಯಾವ ನ್ಯಾಯಾಧೀಶರೂ ಅಲ್ಲ. ಬೀಟಿಗೆ ಬಂದವನು ಸೈಕಲ್ ಇಳಿಯಲು ಒಪ್ಪದಿದ್ದದ್ದು. ನಾನು ಹೇಳಿದೆ: “ನಮ್ಮ ಮನೇಲಿ ನಾಯಿ ಇಲ್ಲಪ್ಪ. ಸಂಜೆ ಬೆಳಕಿರುವಾಗ ಬಾ. ಒಳಗೆ ಕೂತು ಕಾಫಿ ಕುಡಿ. ಅವನ ಮುಖ ನೋಡ್ಕೊಂಡು ಹೋಗು.” ಸಬ್ ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹಾಗೇ ಮಾಡು ಎಂದು ಸನ್ನೆ ಮಾಡಿದರು. “ಅವನೇನಾದ್ರೂ ಓಡಿಹೋದ್ರೆ ನಿಮ್ಮನ್ನೇ ಕರೆಸ್ತೀನಿ” ಎಂದರು. “ಕರೆಸಿ ಸಾರ್, ಜೈಲಿನ ದಾರಿ ನನಗೆ ಗೊತ್ತು” ಎಂದು ಬಂದೆ.

ಕಾನ್‌ಸ್ಟೇಬಲ್ ಸಂಜೆ ಬಂದ. ಗೌರಮ್ಮ ಕೊಟ್ಟ ಕಾಫಿಯನ್ನು ಆರಿಸಿಕೊಂಡು ಕುಡಿದ. ಹನುಮಯ್ಯನನ್ನು ನೋಡಿ, “ಇಷ್ಟು ದಿನ ದನಿ ಕೇಳಿದ್ದೇ ಆಯ್ತು, ಮುಖ ಇವತ್ತೇ ನೋಡಿದ್ದು” ಎಂದ. ಅವನು ಹೋದ ಮೇಲೆ ಚಿಕ್ಕತಾಯಮ್ಮ ಗಂಟು ಬಿಚ್ಚಿ ಸೀರೆಗಳನ್ನು ಹಗ್ಗದ ಮೇಲೆ ಹಾಕಿದಳು.

ಊಟಕ್ಕೆ ಹಿತಕಿದಬೇಳೆ ಸಾರು, ಬಿಸಿ ಮುದ್ದೆ, ಮಜ್ಜಿಗೆ. ಎಲ್ಲರೂ ಹಿತ್ತಲ ಜಗಲಿಯಲ್ಲೇ ಕೂತು ಉಂಡೆವು. ಮಕ್ಕಳು ಊಟದ ನಡುವೆಯೇ ತೂಕಡಿಸಿದವು. ಪಾತ್ರೆ ತೊಳೆದು, ಒಲೆ ಆರಿಸಿ ಗೌರಮ್ಮ ಬಂದು ಹೇಳಿದಳು: “ಏನೂಂದ್ರೆ, ಹನುಮಯ್ಯ ಇನ್ನೂ ಹೊಸ್ತಿಲ ಮೇಲೇ ಕೂತಿದಾನೆ. ಮಲಕ್ಕೋಳೋ ಅಂದ್ರೆ ಹ್ಞೂಂ ಅಂತಾನೆ, ಏಳಲ್ಲ.”

ಹೋಗಿ ನೋಡಿದೆ. ಚಾಪೆ ಸುತ್ತಿದಂತೆಯೇ ಪಕ್ಕದಲ್ಲಿತ್ತು. ಕಿವಿ ಬೀದಿಯ ಕಡೆಗಿತ್ತು. ಚಿಕ್ಕತಾಯಮ್ಮ ಒಳಗಿನಿಂದ ಮೆಲ್ಲಗೆ ಹೇಳಿದಳು: “ಕೂಗು ಬರ್ಲಿಲ್ವಲ್ಲ ಬುದ್ಧಿ, ಅದಕ್ಕೇಯ. ಇನ್ನೂ ಕರೀಲಿಲ್ಲ, ಇನ್ನೂ ಕರೀಲಿಲ್ಲ ಅಂತ ಕೂತವ್ರೆ.”

ಭಯ ಹುಟ್ಟಿಸಲಿಲ್ಲ, ಬುದ್ಧಿ ಕಲಿಸಲಿಲ್ಲ, ಗಂಧ ಉಳಿಸಲಿಲ್ಲ. ಸರ್ಕಾರ ಅಷ್ಟು ವರ್ಷ ಕಷ್ಟಪಟ್ಟು ಇವನಲ್ಲಿ ಸಾಧಿಸಿದ್ದು ಇದೊಂದನ್ನು. ಅದನ್ನು ಒಂದೇ ದಿನದಲ್ಲಿ ತೆಗೆಯುವ ವಿದ್ಯೆ ನನಗೂ ಬರುವುದಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು, ಎದುರುಮನೆಗೆ ಕೇಳದಷ್ಟು ಮೆಲ್ಲಗೆ ಕರೆದೆ.

“ಹನುಮಯ್ಯಾ.”

“ಇದೀನಿ ಬುದ್ಧೀ.”

“ಮಲಕ್ಕೋಳಪ್ಪ.”

ಅವನು ಎದ್ದು ಚಾಪೆ ಒಳಗೆ ತೆಗೆದುಕೊಂಡು ಹೋದ. ಹೊಸ ಅಗಳಿಯನ್ನು ಅವನೇ ಒಳಗಿನಿಂದ ಹಾಕಿಕೊಂಡ ಸದ್ದು ಕೇಳಿಸಿತು. ದೊಡ್ಡವರಲ್ಲಿ ಮೊದಲು ನಿದ್ದೆ ಹೋದವನು ಹನುಮಯ್ಯ, ಗೊರಕೆ ಹಿತ್ತಲಿಗೆ ಕೇಳಿಸಿತು. ಆಮೇಲೆ ಗೌರಮ್ಮ. ನಾನು ಲಾಟೀನು ಹತ್ತಿಸಿಕೊಂಡು ಇದನ್ನು ಬರೆಯಲು ಕೂತೆ.